ಪ್ರತಿಕ್ರಿಯೆ: ಹಾಸ್ಟೆಲ್ ಬಿಟ್ಟು 4 ವರ್ಷ ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ

ಇದರ ಬೇರು ನಿಮ್ಮ ಪಿಯುಸಿಯ ಆ ಎರಡು ವರ್ಷಗಳಲ್ಲೇ ಇರುವ ಹಾಗೆ ಕಾಣುತ್ತದೆ. ಹಾಸ್ಟೆಲ್‌ನಲ್ಲಿ ದಿನಕ್ಕೆ 4 ತಾಸು ನಿದ್ದೆ, ಮಾರ್ಕ್ಸ್ ಕಡಿಮೆ ಬಂದರೆ ಎಲ್ಲರೆದುರು ಬೈಗುಳ ಅಂತ ಬರೆದಿದ್ದೀರಿ. ಆ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಮಿದುಳು ಇನ್ನೂ ಬೆಳೆಯುತ್ತಿರುವಾಗ ಹೊಕ್ಕ ಹೆದರಿಕೆ ಬೇಗ ಬಿಡುವುದಿಲ್ಲ. ಅದಕ್ಕೇ ಈಗ 22ರಲ್ಲಿ, ವಿಜಯಪುರದ ಸ್ವಂತ ರೂಮಿನಲ್ಲೂ ರಾತ್ರಿ 2ರವರೆಗೆ ಎದೆ ಢವಢವ ಅನ್ನುತ್ತಿರಬಹುದು. ನನಗೂ ಹೀಗೇ ಆಗಿತ್ತು.

ಆದರೂ ಮೊದಲು ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿ. ಅವುಗಳಲ್ಲಿ ತೊಂದರೆ ಇದ್ದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ನೀವು ಬರೆದದ್ದನ್ನು ಓದಿ ಮಾತ್ರ ಅದನ್ನು ತಳ್ಳಿಹಾಕಲು ಆಗುವುದಿಲ್ಲ.

ಆಮೇಲೆ ಏಳುವ ಹೊತ್ತನ್ನು ಗಟ್ಟಿ ಮಾಡಿ. ಎಷ್ಟೇ ತಡವಾಗಿ ಮಲಗಿದರೂ, ಭಾನುವಾರವೂ, 6ಕ್ಕೆ ಎದ್ದು ಗೋಳಗುಮ್ಮಟದ ಕಡೆ ಅರ್ಧ ತಾಸು ನಡೆಯಿರಿ. ಬೆಳಗಿನ ಬೆಳಕು ಕಂಡರೆ ರಾತ್ರಿ ನಿದ್ದೆ ಬೇಗ ಬರಲು ಶುರುವಾಗುತ್ತದೆ. ಮಧ್ಯಾಹ್ನ 2ರ ಮೇಲೆ ಚಹಾ ಬೇಡ. ನಮ್ಮ ಕಡೆ ಇದೇ ಜಾಸ್ತಿ ಕಷ್ಟ, ಹೋದ ಮನೆಯಲ್ಲೆಲ್ಲ ಕಪ್ಪು ಕೈಗೆ ಬರುತ್ತದೆ ಅಲ್ವಾ? ನಿದ್ದೆ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

3 ವಾರ ನೋಡಿ. ಹೆದರಿಕೆ ಹಾಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ಎದುರು ಕೂತು ಹೇಳಬೇಕು ಅನ್ನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಹಾಸ್ಟೆಲ್ ದಿನಗಳಿಂದಲೇ ಶುರು ಮಾಡಿ, ಬೈಗುಳದ ವಿಷಯ ಮುಚ್ಚಿಡಬೇಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಮಾತ್ರ 3 ವಾರ ಕಾಯಬೇಡಿ, ಈಗಲೇ ಫೋನ್ ಮಾಡಿ.