ಅವಳ ಛಲವನ್ನು ಮೆಚ್ಚುತ್ತಲೇ ನಿದ್ದೆಯ ಮಾತೆತ್ತುವುದು ಹೇಗೆ?

ಪ್ರಶ್ನೆ: ನನಗೆ 31 ವರ್ಷ, ಉದ್ಯೋಗದಲ್ಲಿದ್ದೇನೆ. ಒಂದು ವರ್ಷದಿಂದ ನನ್ನ ರೂಮ್‌ಮೇಟ್ ಆಗಿರುವ ಹುಡುಗಿಗೆ 22. ಅವಳಿಗೆ ಹಗಲು ಉದ್ಯೋಗ, ಸಂಜೆ ಸ್ನಾತಕೋತ್ತರ ಪದವಿಯ ತರಗತಿ, ರಾತ್ರಿ ತಾನೇ ಆರಂಭಿಸಬೇಕೆಂದಿರುವ ಕಂಪನಿಯ ಸಿದ್ಧತೆ. ಯಾವ ವಯಸ್ಸಿಗೆ ಏನು ಸಾಧಿಸಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅವಳಷ್ಟು ಗಟ್ಟಿ ಮನಸ್ಸಿನವರನ್ನು ನಾನು ನೋಡಿಲ್ಲ, ಅವಳ ಬಗ್ಗೆ ನನಗೆ ನಿಜವಾದ ಹೆಮ್ಮೆಯಿದೆ. ಆದರೆ ನಾಲ್ಕೈದು ಗಂಟೆಗಿಂತ ಹೆಚ್ಚು ಮಲಗುವುದಿಲ್ಲ, ಊಟ ಬಿಡುತ್ತಾಳೆ, ಗೆಳತಿಯರ ಕರೆಗಳನ್ನು ಸ್ವೀಕರಿಸುವುದಿಲ್ಲ. ಈಚೆಗೆ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಬಂದಿತೆಂದು ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ಏನಾದರೂ ಹೇಳಿದರೆ, ‘ನನಗೆ ಇದೆಲ್ಲ ಅಭ್ಯಾಸವಾಗಿದೆ ಅಕ್ಕ’ ಎನ್ನುತ್ತಾಳೆ. ಅವಳ ಮನೆಯವರಿಗೆ ತಿಳಿಸಲೇ? ಅಥವಾ ಇದು ನನ್ನ ಹೊಟ್ಟೆಕಿಚ್ಚೇ ಆತಂಕದ ವೇಷ ತೊಟ್ಟು ಬಂದಿದೆಯೇ?

ಉತ್ತರ: ನಿಮ್ಮ ಕೊನೆಯ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಬಗೆಹರಿಯದಿದ್ದರೆ ನೀವು ಅವಳೆದುರು ಧೈರ್ಯವಾಗಿ ಬಾಯಿ ತೆರೆಯಲಾರಿರಿ. ನಿಮಗಿಂತ ಒಂಬತ್ತು ವರ್ಷ ಚಿಕ್ಕವಳು ಕಣ್ಣೆದುರೇ ಇಷ್ಟು ದುಡಿಯುವಾಗ ತಾನೇನು ಮಾಡಿದೆ ಎಂದು ಮನಸ್ಸು ಕೇಳಿಕೊಳ್ಳುವುದು ಸಹಜ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಹೊಟ್ಟೆಕಿಚ್ಚು ಎದುರಿನವರ ಸೋಲಿಗಾಗಿ ಕಾಯುತ್ತದೆ. ನಿಮ್ಮ ಪತ್ರದಲ್ಲಿ ಅವಳ ಊಟ, ನಿದ್ದೆ, ಮೌನಗಳೇ ತುಂಬಿವೆ. ನಿಮ್ಮ ಆತಂಕವನ್ನು ನಂಬಿ.

ಇನ್ನು ಅವಳ ವಿಚಾರ. ಮಹತ್ವಾಕಾಂಕ್ಷೆಯನ್ನೇ ಒಂದು ಕಾಯಿಲೆಯಂತೆ ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆನಡಾದ ಮನೋವಿಜ್ಞಾನಿ ರಾಬರ್ಟ್ ವ್ಯಾಲರಾಂಡ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಇಂಥ ತೀವ್ರ ಆಸಕ್ತಿಯ ಎರಡು ರೂಪಗಳನ್ನು ಗುರುತಿಸಿದರು. ಒಂದರಲ್ಲಿ ಮನುಷ್ಯ ತಾನೇ ಇಷ್ಟಪಟ್ಟು ಕೆಲಸವನ್ನು ಹಿಡಿದಿರುತ್ತಾನೆ, ಬೇಕೆಂದಾಗ ಕೆಳಗಿಡಬಲ್ಲ. ಇನ್ನೊಂದರಲ್ಲಿ ಕೆಲಸವೇ ಅವನನ್ನು ಹಿಡಿದಿರುತ್ತದೆ, ಬಿಟ್ಟು ಕುಳಿತರೆ ತಪ್ಪು ಮಾಡಿದಂಥ ತಳಮಳ ಆರಂಭವಾಗುತ್ತದೆ. ಗಂಟೆಗಳನ್ನು ಎಣಿಸಿದರೆ ಇಬ್ಬರೂ ಒಂದೇ ಸಮ ಕಾಣಬಹುದು. ಆದ್ದರಿಂದ ಅವಳು ಎಷ್ಟು ಹೊತ್ತು ದುಡಿಯುತ್ತಾಳೆ ಎಂಬುದಕ್ಕಿಂತ, ಕೆಲಸ ನಿಂತಾಗ ಅಥವಾ ಕೈಕೊಟ್ಟಾಗ ಅವಳಿಗೆ ಏನಾಗುತ್ತದೆ ಎಂಬುದನ್ನು ಗಮನಿಸಿ. ನಿಮ್ಮ ಪತ್ರದಲ್ಲಿ ನಾನು ತಡೆದು ನಿಂತದ್ದು ನಾಲ್ಕೈದು ಗಂಟೆಯ ನಿದ್ದೆಯ ಬಳಿ ಅಲ್ಲ, ಎರಡನೆಯ ಸ್ಥಾನ ಬಂದ ಮೇಲಿನ ಆ ಎರಡು ದಿನಗಳ ಮೌನದ ಬಳಿ. ಗೆಲುವಿನ ಆಸೆಗಿಂತ ಸೋಲಿನ ಭಯ ದೊಡ್ಡದಾಗಿ ಬೆಳೆಯುತ್ತಿದೆಯೇ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ನಿದ್ದೆ ಚಿಕ್ಕ ವಿಷಯವೆಂದು ಇದರ ಅರ್ಥವಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ನೀಡಿದ ಸಲಹೆ. ‘ಅಭ್ಯಾಸವಾಗಿದೆ’ ಎಂಬ ಅವಳ ಮಾತಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೂ ತಾವು ಅಷ್ಟು ಕುಸಿದಿದ್ದೇವೆ ಎಂಬುದು ಅವರಿಗೇ ಹೆಚ್ಚಾಗಿ ತಿಳಿದಿರಲಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ನೆಲೆಯೂರುವುದೂ ನಿದ್ದೆಯಲ್ಲಿಯೇ. ಪರೀಕ್ಷೆಯ ಸ್ಥಾನಕ್ಕಾಗಿ ತಲ್ಲಣಿಸುವ ಹುಡುಗಿಗೆ ಈ ಸಂಗತಿ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜು ಮಾಡಿವೆ. ಆದರೆ ಇದನ್ನು ಅವಳ ಮುಂದಿಟ್ಟು ಹೆದರಿಸಬೇಡಿ. ಇಪ್ಪತ್ತೆರಡರ ವಯಸ್ಸು ಅಂಥ ಮಾತಿಗೆ ಹೆದರುವುದಿಲ್ಲ, ಹೇಳಿದವರಿಂದ ದೂರ ಸರಿಯುತ್ತದೆ ಅಷ್ಟೆ.

‘ಹೆಣ್ಣುಮಗಳಿಗೆ ಇಷ್ಟೆಲ್ಲ ಯಾಕೆ’ ಎಂಬ ಮಾತನ್ನು ಅವಳು ಈಗಾಗಲೇ ಎಷ್ಟೋ ಬಾಯಿಂದ ಕೇಳಿರಬಹುದು. ನೀವು ನೇರವಾಗಿ ‘ಸ್ವಲ್ಪ ಕಡಿಮೆ ಮಾಡು’ ಎಂದರೆ ಅದೂ ಆ ಸಾಲಿಗೇ ಸೇರುತ್ತದೆ. ಇಲ್ಲಿ ನಿಮ್ಮ ಮೆಚ್ಚುಗೆಯೇ ನಿಮಗೆ ದಾರಿ. ಅವಳಿಗೆ ಅವಸರವಿಲ್ಲದ, ಫಲಿತಾಂಶದ ಬಿಸಿ ಆರಿದ ಒಂದು ದಿನ ನೋಡಿಕೊಂಡು, ‘ಹಿಡಿದ ಕೆಲಸವನ್ನು ನೀನು ಬಿಡದೆ ಮುಗಿಸುವುದು ನನಗೆ ತುಂಬಾ ಇಷ್ಟ. ಆದರೆ ಈಚೆಗೆ ನೀನು ಊಟ ಬಿಡುವುದನ್ನು, ಎರಡು ದಿನ ಮಾತೇ ಆಡದೆ ಇದ್ದದ್ದನ್ನು ನೋಡಿ ಭಯವಾಯಿತು. ನಿನಗೆ ಒಳಗೆ ಹೇಗನ್ನಿಸುತ್ತಿದೆ?’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಅವಳು ಉತ್ತರಿಸಲು ತಡಮಾಡಿದರೆ ಆ ಖಾಲಿಯನ್ನು ಬುದ್ಧಿಮಾತಿನಿಂದ ತುಂಬಬೇಡಿ. ಮಾತು ಮುಂದುವರಿದರೆ, ಉದ್ಯೋಗ, ಓದು, ಕಂಪನಿ ಈ ಮೂರರಲ್ಲಿ ಮುಂದಿನ ಆರು ತಿಂಗಳಿಗೆ ಯಾವುದು ಮೊದಲು ಎಂದು ಅವಳಿಂದಲೇ ಹೇಳಿಸಿ. ಗುರಿಯನ್ನು ಕಿರಿದುಗೊಳಿಸುವ ಮಾತಿಗೆ ಒಪ್ಪದವಳು ಗುರಿಗಳನ್ನು ಸಾಲಾಗಿ ಜೋಡಿಸಿಕೊಳ್ಳಲು ಒಪ್ಪಿಯಾಳು.

ಅವಳು ರಾತ್ರಿಯಿಡೀ ದೀಪ ಉರಿಸುವುದರಿಂದ ನಿಮಗೂ ನಿದ್ದೆ ಕೆಡುತ್ತಿದ್ದರೆ ಅದನ್ನು ಬೇರೆ ದಿನ, ಬೇರೆಯಾಗಿಯೇ ಹೇಳಿ. ಕಾಳಜಿಯನ್ನೂ ದೂರನ್ನೂ ಬೆರೆಸಿದರೆ ಅವಳಿಗೆ ದೂರು ಮಾತ್ರ ಕೇಳಿಸುತ್ತದೆ. ನೀವು ಅವಳ ಪಾಲಕರಲ್ಲ. ಅವಳ ಊಟ, ನಿದ್ದೆಗಳ ಲೆಕ್ಕ ಇಡುವ ಹೊಣೆಯನ್ನು ಹೊತ್ತುಕೊಂಡರೆ ನೀವೂ ದಣಿಯುತ್ತೀರಿ, ಅವಳಿಗೂ ಕೊಠಡಿ ಸೆರೆಮನೆಯಾಗುತ್ತದೆ.

ಮನೆಯವರಿಗೆ ತಿಳಿಸುವ ವಿಚಾರವನ್ನು ಸದ್ಯಕ್ಕೆ ಬಿಡಿ. ಅವಳು ವಯಸ್ಕಳು, ಬೆನ್ನ ಹಿಂದೆ ಸುದ್ದಿ ಮುಟ್ಟಿಸಿದರೆ ಅವಳು ಮನಸ್ಸು ಬಿಚ್ಚಬಹುದಾದ ಒಂದು ಬಾಗಿಲು ಮುಚ್ಚಿಹೋಗುತ್ತದೆ. ಆದರೆ ಎಚ್ಚರವಾಗಿರಲು ಮಾತ್ರೆಗಳ ಮೊರೆ ಹೋದರೆ, ದಿನಗಟ್ಟಲೆ ಊಟ ಬಿಟ್ಟರೆ, ಹಾಸಿಗೆಯಿಂದ ಏಳಲಾರದಂತಾದರೆ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಲು ಒತ್ತಾಯಿಸಿ, ಜೊತೆಗೆ ನೀವೂ ಹೋಗಿ. ‘ಇದು ಆಗದಿದ್ದರೆ ನಾನು ಇದ್ದೇನು ಪ್ರಯೋಜನ’ ಎಂಬಂಥ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ಸಹಾಯ ಪಡೆಯಿರಿ. ಆಗ ಮನೆಯವರಿಗೂ ತಿಳಿಸಲೇಬೇಕು, ಸಾಧ್ಯವಾದಷ್ಟು ಅವಳಿಗೆ ಹೇಳಿಯೇ ತಿಳಿಸಿ.