ಸ್ಥಳೀಯರಿಗಾಗಿ ನಡೆಯುವ ಸಮುದಾಯ ರೇಡಿಯೋದಲ್ಲಿ ನಮ್ಮೂರ ನಾಟಕದ ವಿಷಯ ಹೇಳಿಸಬಹುದಾ? ಅವರು ಸುದ್ದಿ ಹೇಳುವಂತಿಲ್ಲ ಅಂತಾರಲ್ಲ?

ಖಂಡಿತ ಹೇಳಿಸಬಹುದು. ನೀವು ಕೇಳಿರುವುದು ಅರ್ಧ ಮಾತ್ರ ನಿಜ. ನಮ್ಮ ದೇಶದಲ್ಲಿ ಸಮುದಾಯ ರೇಡಿಯೋ ತಾನೇ ಸುದ್ದಿ ತಯಾರಿಸಿ ಓದುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಪ್ರಸಾರ ಮಾಡಬಹುದು, ಅಷ್ಟೇ. ಆದರೆ ಊರಿನ ಸಾಂಸ್ಕೃತಿಕ ಕಾರ್ಯಕ್ರಮ, ಹಬ್ಬ, ಆಟೋಟ, ಹವಾಮಾನ, ಪರೀಕ್ಷೆ ಫಲಿತಾಂಶ, ಕರೆಂಟು-ನೀರಿನ ಪ್ರಕಟಣೆ ಇವನ್ನೆಲ್ಲ ನಿಯಮ ಸುದ್ದಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ನಾಟಕ ಇದರಲ್ಲೇ ಬರುತ್ತದೆ.

ಕೇಂದ್ರ ಸರ್ಕಾರದ 2006ರ ಸಮುದಾಯ ರೇಡಿಯೋ ನೀತಿಯ ಪ್ರಕಾರ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯರು ಸೇರಿ ಮಾಡಿದ್ದೇ ಆಗಿರಬೇಕು. ಅಂದರೆ ನಿಮ್ಮಂಥ ತಂಡ ರೇಡಿಯೋದವರಿಗೂ ಬೇಕು, ಅಲ್ವಾ? ಸುಮ್ನೆ ಕರಪತ್ರ ಕೊಟ್ಟು ಬರಬೇಡಿ. ತಾಲೀಮಿನ ದಿನ ಹಾರ್ಮೋನಿಯಂ ಪಕ್ಕ ಫೋನ್ ಇಟ್ಟು ಒಂದು ರಂಗಗೀತೆ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿರಿ, ಅದರ ಗುಂಯ್ ಶಬ್ದ ರೇಡಿಯೋದಲ್ಲಿ ಜಾಸ್ತಿ ಕೇಳುತ್ತದೆ. ಹಿರಿಯ ಕಲಾವಿದರೊಬ್ಬರಿಂದ ಎರಡು ನಿಮಿಷ ಮಾತಾಡಿಸಿ. ಜಾಗ, ದಿನ, ಹೊತ್ತು ಕೊನೆಯಲ್ಲಿ ಎರಡು ಸಲ ಹೇಳಿ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ರೇಡಿಯೋ ಶುರುವಾದಾಗ ಇಂಥ ರೇಡಿಯೋಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಆಗ ಅವರು ಕೇಬಲ್ ತಂತಿಯಲ್ಲೇ ಊರಿನವರ ದನಿಯನ್ನು ಮನೆಮನೆಗೆ ಮುಟ್ಟಿಸಿದರು. ಈಗ ಪರವಾನಗಿ ಪಡೆದ ಕೇಂದ್ರಗಳೇ ಇವೆ, ನಿಮಗೆ ಹತ್ತಿರದ್ದಕ್ಕೆ ಈ ವಾರವೇ ಹೋಗಿ ಬನ್ನಿ.