ಹತ್ತಡಿಯೋ ಹದಿನಾಲ್ಕಡಿಯೋ? ಮೀನು ಹಿಡಿಯುವ ಕಯಾಕ್‌ನ ಅಳತೆ

ಪ್ರಶ್ನೆ: ನಾನಿರುವುದು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ. ಎತ್ತರ 5 ಅಡಿ 11 ಇಂಚು, ತೂಕ 96 ಕಿಲೋ. ಇಷ್ಟು ವರ್ಷ ಗ್ಯಾಲ್ವೆಸ್ಟನ್ ದಡದಲ್ಲಿ ನಿಂತು ಗಾಳ ಹಾಕುತ್ತಿದ್ದೆ. ಈಗ ಅಲ್ಲಿನ ವೆಸ್ಟ್ ಬೇ ಕೊಲ್ಲಿಯ ಒಳಗೆ ಹೋಗಿ ರೆಡ್‌ಫಿಶ್ ಹಿಡಿಯಲು ಒಂದು ಸಿಟ್-ಆನ್-ಟಾಪ್ ಕಯಾಕ್ (ಒಳಗಲ್ಲ, ಮೇಲೆಯೇ ಕೂತು ಹುಟ್ಟು ಹಾಕುವ ಕಿರುದೋಣಿ) ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ 10 ಅಡಿಯದ್ದು ಅಗ್ಗಕ್ಕೆ ಸಿಗುತ್ತಿದೆ, 300 ಪೌಂಡ್ ಹೊರುತ್ತದಂತೆ. ಆಫೀಸಿನ ಗೆಳೆಯರು 14 ಅಡಿಗಿಂತ ಕಡಿಮೆಯದ್ದು ತರಲೇಬೇಡಿ ಅನ್ನುತ್ತಾರೆ. ಹೆಚ್ಚಾಗಿ ಒಬ್ಬನೇ ಹೋಗುತ್ತೇನೆ, ಅಪರೂಪಕ್ಕೆ 9 ವರ್ಷದ ಮಗ ಜೊತೆಗಿರುತ್ತಾನೆ. ಯಾವ ಅಳತೆ ಸರಿ?

ಉತ್ತರ: ಅಂಗಡಿಯವರು ಹೇಳಿದ 300 ಪೌಂಡಿನಿಂದಲೇ ಶುರುಮಾಡೋಣ. ಕಿಲೋ ಲೆಕ್ಕದಲ್ಲಿ ಅದು 136. ನೀವು 96 ಇದ್ದೀರಿ, ಇನ್ನೂ 40 ಕಿಲೋ ಜಾಗ ಇದೆಯಲ್ಲ ಅನ್ನಿಸುವುದು ಸಹಜ. ಆದರೆ ಅದು ಕಂಪನಿ ಕೊಟ್ಟ ಕಟ್ಟಕಡೆಯ ಮಿತಿ. ಅಷ್ಟು ಭಾರ ಹೇರಿದಾಗ ಕಯಾಕ್ ಮುಳುಗುವುದಿಲ್ಲ, ಹಾಗೆಂದು ಹೇಳಿದ ಮಾತು ಕೇಳುವುದೂ ಇಲ್ಲ. ಮಿತಿಯ ನೂರಕ್ಕೆ 70ರಷ್ಟನ್ನು ಮಾತ್ರ ಬಳಸಬೇಕು ಎಂಬುದು ಈ ಹವ್ಯಾಸದಲ್ಲಿ ಪಳಗಿದವರ ರೂಢಿ. 136ರಲ್ಲಿ 70 ಶೇಕಡಾ ಅಂದರೆ 95 ಕಿಲೋ. ನೀವು ಬರಿಗೈಯಲ್ಲಿ ಕೂತರೇ ಆ ಲೆಕ್ಕ ಮುಗಿದುಹೋಯಿತು.

ಬರಿಗೈಯಲ್ಲಂತೂ ಯಾರೂ ಹೋಗುವುದಿಲ್ಲ. ರಾಡ್, ರೀಲ್, ಟ್ಯಾಕಲ್ ಪೆಟ್ಟಿಗೆ ಸೇರಿ 6 ಕಿಲೋ ಎಂದಿಟ್ಟುಕೊಳ್ಳಿ. ಹಗ್ಗದೊಂದಿಗೆ ಲಂಗರು 2, ನೀರು ಮತ್ತು ಊಟ 4, ಐಸ್ ತುಂಬಿದ ಮೀನಿನ ಚೀಲ 6, ಲೈಫ್ ಜಾಕೆಟ್ ಮತ್ತು ಬೂಟು 2. ಇಲ್ಲಿಗೆ 20 ಆಯಿತು. ಇನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ್ದು ಹಿಡಿದ ಮೀನು. ಟೆಕ್ಸಸ್‌ನಲ್ಲಿ 20ರಿಂದ 28 ಇಂಚಿನ ರೆಡ್‌ಫಿಶ್ ದಿನಕ್ಕೆ ಮೂರು ಇಟ್ಟುಕೊಳ್ಳಬಹುದು. 28 ಇಂಚಿನದ್ದು ಮೂರೂವರೆ ಕಿಲೋ ಆಸುಪಾಸು ತೂಗುತ್ತದೆ. ಮೂರೂ ಸಿಕ್ಕ ಒಳ್ಳೆಯ ದಿನ ಮತ್ತೆ 10 ಕಿಲೋ ಸೇರಿತು. ನಿಮ್ಮನ್ನೂ ಕೂಡಿಸಿದರೆ ಒಟ್ಟು 126. ಅದನ್ನು 0.7ರಿಂದ ಭಾಗಿಸಿ ನೋಡಿ, 180 ಕಿಲೋ ಬರುತ್ತದೆ. ಪೌಂಡಿನಲ್ಲಿ ಹತ್ತಿರ ಹತ್ತಿರ 400. ನೀವು ಹುಡುಕಬೇಕಾದ ಮೊದಲ ಸಂಖ್ಯೆ ಇದು, ಉದ್ದ ಆಮೇಲಿನದು. ಕೆಲವು ಕಂಪನಿಗಳು ಸೀಟು, ಕಾಲಲ್ಲಿ ತುಳಿದು ಓಡಿಸುವ ಪೆಡಲ್‌ಗಳ ತೂಕವನ್ನೂ ಆ ಮಿತಿಯೊಳಗೇ ಸೇರಿಸಿರುತ್ತವೆ. ದುಡ್ಡು ಕೊಡುವ ಮುಂಚೆ ಅದನ್ನೊಂದು ಕೇಳಿಕೊಳ್ಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಿಟ್-ಆನ್-ಟಾಪ್ ಕಯಾಕ್‌ನ ತಳದಲ್ಲಿ ಆರಪಾರ ತೂತುಗಳಿರುತ್ತವೆ, ಸ್ಕಪ್ಪರ್ ಅನ್ನುತ್ತಾರೆ. ಮೇಲೆ ಬಿದ್ದ ನೀರು ಅವುಗಳ ಮೂಲಕ ತಾನಾಗಿ ಇಳಿದುಹೋಗುತ್ತದೆ. ನೀವು ಕೂರುವ ತಟ್ಟು ಹೊರಗಿನ ನೀರಿಗಿಂತ ಎತ್ತರದಲ್ಲಿರುವುದರಿಂದ ಇದು ಸಾಧ್ಯ. ಭಾರ ಹೆಚ್ಚಾಗಿ ತಟ್ಟು ಕೆಳಗಿಳಿಯಿತೋ, ಅದೇ ತೂತುಗಳಿಂದ ನೀರು ಒಳಗೆ ಉಕ್ಕುತ್ತದೆ. ಬಿರಡೆ ಹಾಕಿ ಮುಚ್ಚಬಹುದು, ಆದರೆ ಆಗ ಅಲೆ ತಂದು ಸುರಿದ ನೀರಿಗೆ ಹೊರಹೋಗುವ ದಾರಿಯೇ ಇರುವುದಿಲ್ಲ.

ನನ್ನ ಮೊದಲ ಕಯಾಕ್ 10 ಅಡಿಯದ್ದು. ಆಗ ನಾನು 88 ಕಿಲೋ ಇದ್ದೆ. ಕ್ರಿಸ್ಮಸ್ ಬೇಯಲ್ಲಿ ಬೆಳಗಿನ ಹೊತ್ತು ನೀರು ಕನ್ನಡಿಯ ಹಾಗಿತ್ತು. ಮಧ್ಯಾಹ್ನ ಆಗ್ನೇಯದ ಗಾಳಿ ಎದ್ದಿತು. ಸೀಟಿನ ಕೆಳಗೆ ನಿಂತ ನೀರು ಇಳಿಯಲೇ ಇಲ್ಲ. ಒಂದೊಂದು ಸಲ ಹುಟ್ಟು ಹಾಕಿದಾಗಲೂ ಮೂತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಿತ್ತು. ಒಂದು ಕಿಲೋಮೀಟರ್ ವಾಪಸು ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು, ದಡ ಮುಟ್ಟಿದಾಗ ತೋಳು ಎತ್ತಲಾಗುತ್ತಿರಲಿಲ್ಲ. ಗಾಳಿ ಇನ್ನೊಂದಿಷ್ಟು ಜೋರಾಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಹಾಗಾಗಿ ಆ ಅಗ್ಗದ 10 ಅಡಿಯದ್ದನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾದರೆ ಗೆಳೆಯರು ಹೇಳುವ 14 ಅಡಿ? ಉದ್ದದ ದೋಣಿ ವೇಗವಾಗಿ ಹೋಗುತ್ತದೆ ಎಂಬುದು ನಿಜ. ನೀರಿನ ಮಟ್ಟದಲ್ಲಿ ಅಡಿಗಳಲ್ಲಿ ಅಳೆದ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದರ ವೇಗದ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್). 10 ಅಡಿಗೆ ಗಂಟೆಗೆ ಸುಮಾರು 7.8 ಕಿಲೋಮೀಟರ್, 12ಕ್ಕೆ 8.6, 14ಕ್ಕೆ 9.3. ಆದರೆ ಮೀನಿನ ಸಾಮಾನು ಹೇರಿಕೊಂಡು ನಾವು ಹೋಗುವುದು ಗಂಟೆಗೆ ನಾಲ್ಕೈದು ಕಿಲೋಮೀಟರ್. ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಉದ್ದದಿಂದ ನಮಗಾಗುವ ನಿಜವಾದ ಲಾಭ ಅಂದರೆ ನೇರ ಓಟ, ಒಂದು ಹುಟ್ಟಿಗೆ ಹೆಚ್ಚು ಜಾರುವಿಕೆ. 10ರಿಂದ 12ಕ್ಕೆ ಹೋದಾಗ ಈ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. 12ರಿಂದ 14ಕ್ಕೆ ಅಷ್ಟೇನೂ ಇಲ್ಲ. ದಿನವೂ ತೆರೆದ ನೀರಿನಲ್ಲಿ ಏಳೆಂಟು ಕಿಲೋಮೀಟರ್ ಹೋಗುವವರಿಗೆ 14 ಬೇಕು. ವೆಸ್ಟ್ ಬೇಯಲ್ಲಿ ನೀವು ಸುತ್ತುವುದು ಜೌಗು ಹುಲ್ಲಿನ ಅಂಚು, ಕಿರುಗಾಲುವೆ, ಸಿಂಪಿ ದಿಬ್ಬಗಳ ಸಂದಿ. ಅಲ್ಲಿ 14 ಅಡಿಯದ್ದನ್ನು ತಿರುಗಿಸುವಷ್ಟರಲ್ಲಿ ಮೀನು ಪರಾರಿಯಾಗಿರುತ್ತದೆ.

ಅಗಲದ ಮಾತು ಬೇರೆ. ಒಂದಡಿ ನೀರಿನಲ್ಲಿ ಏಡಿ ಹುಡುಕುತ್ತ, ಕಪ್ಪು ಚುಕ್ಕೆಯ ಬಾಲವನ್ನು ನೀರಿನ ಮೇಲೆ ಆಡಿಸುವ ರೆಡ್‌ಫಿಶ್ ಕಾಣಬೇಕಾದರೆ ಎದ್ದು ನಿಲ್ಲಬೇಕು. ಆ ನೋಟವನ್ನು ಒಮ್ಮೆ ಕಂಡವರು ಮತ್ತೆ ಕೂತು ಗಾಳ ಹಾಕಲು ಒಪ್ಪುವುದಿಲ್ಲ. ನಿಮ್ಮ ಮೈಕಟ್ಟಿಗೆ ನಿಲ್ಲಲು 33–34 ಇಂಚು ಬೇಕು. 30 ಇಂಚಿನದ್ದು ಓಡುವುದು ಚೆನ್ನ, ನಿಲ್ಲುವುದು ಕಷ್ಟ. 36 ದಾಟಿದರೆ ಗಾಳಿಗೆ ಹೆಚ್ಚು ಮೈಯೊಡ್ಡುತ್ತದೆ. ಇನ್ನೂ ಒಂದು ಕಾರಣಕ್ಕೆ ನಾನು ತೀರಾ ಅಗಲದ್ದನ್ನು ಹೇಳುವುದಿಲ್ಲ. ಅಗಲವಾದ, ಭಾರದ ಕಯಾಕ್ ಮಗುಚುವುದು ಕಡಿಮೆ, ಆದರೆ ಮಗುಚಿದರೆ ನೀರಲ್ಲಿದ್ದುಕೊಂಡು ಒಬ್ಬರೇ ಅದನ್ನು ಸರಿಮಾಡಲು ಬಹಳ ಒದ್ದಾಡಬೇಕು. ಯಾವುದನ್ನೇ ಕೊಳ್ಳಿ, ಸೊಂಟಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ತಿರುಗಿಸಿ, ಹತ್ತಿ ನೋಡಿ. ಅದಾದ ಮೇಲೆಯೇ ಆಳಕ್ಕೆ ಹೋಗಿ.

ಹುಟ್ಟು ಕೂಡ ಅಗಲಕ್ಕೆ ತಕ್ಕಂತಿರಬೇಕು. 34 ಇಂಚಿನ ಕಯಾಕ್, ಎತ್ತರದ ಸೀಟು ಎಂದಾದರೆ 250 ಸೆಂಟಿಮೀಟರಿನದ್ದು.

ಇನ್ನು ನೆಲದ ಮೇಲಿನ ಲೆಕ್ಕ. ಒಬ್ಬರೇ ಕಾರಿನ ಮೇಲೆ ಏರಿಸಬೇಕು, ಬಿಸಿಲಲ್ಲಿ ಸುಸ್ತಾಗಿ ಬಂದ ಮೇಲೂ ಏರಿಸಬೇಕು. ಒಂದು ತುದಿಯನ್ನು ಮೊದಲು ಕಾರಿಗೆ ಒರಗಿಸಿ, ಹಿಂದಿನಿಂದ ತಳ್ಳುವ ಕ್ರಮದಲ್ಲಿ 36–38 ಕಿಲೋವರೆಗೆ ಆಗುತ್ತದೆ. ಅದರಾಚೆ ಟ್ರೇಲರ್ ಬೇಕು. ಉದಾಹರಣೆಗೆ ಹೋಬಿ ಕಂಪನಿಯ ಔಟ್‌ಬ್ಯಾಕ್, 12 ಅಡಿ 9 ಇಂಚು ಉದ್ದ, 34 ಇಂಚು ಅಗಲ, 425 ಪೌಂಡ್ ಮಿತಿ, ನಿಮ್ಮ ಮೈಗೆ ಹೊಲಿಸಿದಂತಿದೆ. ಆದರೆ ಪೆಡಲ್ ಎಲ್ಲ ಸೇರಿದರೆ ತೂಕ 46 ಕಿಲೋ ದಾಟುತ್ತದೆ. ಪೆಡಲ್ ಇದ್ದರೆ ಎರಡೂ ಕೈ ಗಾಳಕ್ಕೆ ಸಿಗುತ್ತದೆ, ಗಾಳಿಯಲ್ಲಿ ಕಾಲಿನ ಬಲ ದೊಡ್ಡ ಆಸರೆ. ಹೋಬಿಯವರು 1997ರಲ್ಲಿ ತಂದ ಪೆಡಲ್ ಯಂತ್ರ ಮಿರಾಜ್ ಡ್ರೈವ್‌ನ ರೆಕ್ಕೆಗಳನ್ನು ಕಡಿಮೆ ನೀರಿನಲ್ಲಿ ಕಯಾಕ್ ತಳಕ್ಕೆ ಒರಗಿಸಬಹುದು. ಪ್ರೊಪೆಲ್ಲರ್ ಇರುವಂಥವು ಮಾತ್ರ ಸಿಂಪಿ ದಿಬ್ಬಕ್ಕೆ ತಾಗಿ ಹಾಳಾಗುತ್ತವೆ. ಟ್ರೇಲರ್ ಇಡಲು ಜಾಗವಿದ್ದರೆ ಪೆಡಲ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಹುಟ್ಟಿನದ್ದೇ ಸಾಕು.

ಒಟ್ಟಿನಲ್ಲಿ ನಾನು ಹೇಳುವುದು: 12 ಅಡಿ, 33–34 ಇಂಚು, 400 ಪೌಂಡಿಗೆ ಕಡಿಮೆಯಿಲ್ಲದ ಮಿತಿ, 38 ಕಿಲೋ ಮೀರದ ತೂಕ. ಕಾರಿನ ಮೇಲೆ ಕಟ್ಟುವಾಗ ಪಟ್ಟಿಯನ್ನು ಕೈಯಲ್ಲೇ ಬಿಗಿಯಿರಿ, ಹಿಡಿ ಎಳೆದು ಬಿಗಿಯುವ ರ್‍ಯಾಚೆಟ್ ಹಾಕಬೇಡಿ. ಟೆಕ್ಸಸ್ ಬಿಸಿಲಿಗೆ ಪಾಲಿಎಥಿಲೀನ್ ಮೆತ್ತಗಾಗಿ ತಳ ಒಳಗೆ ಕುಸಿಯುತ್ತದೆ.

ಮಗನಿಗಾಗಿ ಇಬ್ಬರು ಕೂರುವ ಕಯಾಕ್ ಕೊಳ್ಳಬೇಡಿ. ನಡುವಿಗೆ ಸೀಟು ಸರಿಸಲಾಗದ ಜೋಡಿ ಕಯಾಕ್‌ನಲ್ಲಿ ಒಬ್ಬರೇ ಹಿಂದೆ ಕೂತರೆ ಮೂತಿ ಮೇಲೆದ್ದು ಗಾಳಿ ಎಳೆದುಕೊಂಡು ಹೋಗುತ್ತದೆ. ಅವನು ಬರುವ ದಿನ ಜೋಡಿಯದ್ದನ್ನು ಬಾಡಿಗೆಗೆ ತನ್ನಿ. 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಧರಿಸಿಯೇ ಇರಬೇಕೆಂದು ಅಲ್ಲಿನ ಕಾನೂನಿದೆ. ನೀವೂ ಧರಿಸಿ, ಅವನು ನಿಮ್ಮನ್ನು ನೋಡಿಯೇ ಕಲಿಯುವುದು.

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಹತ್ತಿರ, ಹೊಳೆ ಬದಿಯಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಅಂಚಿನಲ್ಲಿ ಕೆಂಬೇರಿ, ಕಾಣೆ ಮೀನು ಹಿಡಿಯುವ ಆಸೆ. ಬಳಸಿದ 13 ಅಡಿಯ ಕಯಾಕ್ ಒಂದು ಮಾರಾಟಕ್ಕಿದೆ, 220 ಕಿಲೋ ಹೊರುತ್ತದಂತೆ. ನಾನು 58 ಕಿಲೋ, ಎತ್ತರ 5 ಅಡಿ 2 ಇಂಚು. ದೊಡ್ಡದಿದ್ದರೆ ಹೆಚ್ಚು ಭದ್ರ ಅಲ್ಲವೇ?

ಉತ್ತರ: ಅಲ್ಲಮ್ಮ. ಮೇಲಿನವರಿಗೆ ಚಿಕ್ಕದು ಎಷ್ಟು ಅಪಾಯವೋ ನಿಮಗೆ ತೀರಾ ದೊಡ್ಡದು ಅಷ್ಟೇ ತೊಂದರೆ. ಸಾಮಾನು, ಮೀನು ಸೇರಿ ನಿಮ್ಮ ಭಾರ 70 ಕಿಲೋ ಅಂದುಕೊಳ್ಳೋಣ. 220 ಕಿಲೋ ಹೊರಲು ಮಾಡಿದ ಕಯಾಕ್ ಅಷ್ಟು ಹಗುರಕ್ಕೆ ನೀರಲ್ಲಿ ಕೂರುವುದೇ ಇಲ್ಲ, ಸೋರೆಬುರುಡೆಯ ಹಾಗೆ ಮೇಲೆ ತೇಲುತ್ತದೆ. ಮಧ್ಯಾಹ್ನದ ಪಡುವಣ ಗಾಳಿ ಎದ್ದರೆ ನೀವು ಹೋಗಬೇಕೆಂದ ಕಡೆ ಅದು ಬರುವುದಿಲ್ಲ. ಅಗಲ ಹೆಚ್ಚಾದ್ದರಿಂದ ಹುಟ್ಟು ನೀರಿಗೆ ಮುಟ್ಟಿಸಲು ತೋಳು ಚಾಚಬೇಕು, ಬೆರಳ ಗೆಣ್ಣು ಅಂಚಿಗೆ ತಾಗುತ್ತದೆ. ಮಳೆಗಾಲ ಮುಗಿದ ಮೇಲೆ ಕೆಸರಿನಲ್ಲಿ ಒಬ್ಬರೇ ದಡಕ್ಕೆ ಎಳೆಯುವುದನ್ನೂ ನೆನೆಸಿಕೊಳ್ಳಿ.

ಎಪ್ಪತ್ತನ್ನು 0.7ರಿಂದ ಭಾಗಿಸಿದರೆ 100. ನಿಮಗೆ 110–130 ಕಿಲೋ ಮಿತಿಯ, 10 ಅಡಿಯ, 28–30 ಇಂಚು ಅಗಲದ, 25 ಕಿಲೋ ಒಳಗಿನ ಕಯಾಕ್ ಬೇಕು. ಹುಟ್ಟು 230 ಸೆಂಟಿಮೀಟರ್. ಕಾಂಡ್ಲಾ ಬೇರುಗಳ ಸಂದಿಯಲ್ಲಿ ತಿರುಗಿಸಲು ಚಿಕ್ಕದೇ ಸುಖ.

ಈ ಅಳತೆ ಹೊಳೆಗೆ ಮಾತ್ರ. ಕೋಡಿ ಬೆಂಗ್ರೆಯ ಅಳಿವೆ ದಾಟಬೇಡಿ. ಸೀತಾ, ಸ್ವರ್ಣಾ ಎರಡೂ ಹೊಳೆಯ ನೀರು ಇಳಿತದ ಹೊತ್ತಿಗೆ ಒಂದೇ ಬಾಗಿಲಿನಿಂದ ಹೊರನುಗ್ಗುತ್ತದೆ, ಎದುರಿನಿಂದ ಗಾಳಿ ಬಂದರೆ ಅಲ್ಲಿ ಅಲೆ ಗೋಡೆಯಂತೆ ಏಳುತ್ತದೆ. ಉಬ್ಬರ ಏರುವಾಗ ಹೊಳೆಯ ಮೇಲ್ಗಡೆಗೆ ಹೋಗಿ, ಇಳಿತ ಶುರುವಾದಾಗ ಅದರ ಜೊತೆ ಮನೆಗೆ ಬನ್ನಿ. ಜೂನ್, ಜುಲೈ ತಿಂಗಳು ಕಯಾಕ್ ಕೊಟ್ಟಿಗೆಯಲ್ಲೇ ಇರಲಿ.

ಬಳಸಿದ್ದೇ ಕೊಳ್ಳುವುದಾದರೆ ಸ್ಕಪ್ಪರ್ ತೂತುಗಳ ಸುತ್ತ ಬೆರಳಾಡಿಸಿ ನೋಡಿ, ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ಮುಚ್ಚಳ ತೆಗೆದು ಒಳಗೆ ಎರಡು ಕೊಡ ನೀರು ಹೊಯ್ದು, ಎರಡು ಕಲ್ಲಿನ ಮೇಲಿಟ್ಟು ಅರ್ಧ ಗಂಟೆ ಕಾಯಿರಿ. ತಳದಿಂದ ಒಂದು ಹನಿ ತೊಟ್ಟಿಕ್ಕಿದರೂ ಅದನ್ನು ತರಬೇಡಿ.